ಬೆಂಗಳೂರಿನ ಎತ್ತರಕ್ಕೆ ಯಾವ ಸೈಕ್ರೋಮೆಟ್ರಿಕ್ ಚಾರ್ಟ್?

ಸೈಕ್ರೋಮೆಟ್ರಿಕ್ ಚಾರ್ಟ್ ಎಂದರೆ ಗಾಳಿಯ ತಾಪಮಾನ, ತೇವಾಂಶ, ಶಾಖ ಇವುಗಳ ಸಂಬಂಧವನ್ನು ಒಂದೇ ಹಾಳೆಯಲ್ಲಿ ತೋರಿಸುವ ರೇಖಾಚಿತ್ರ. ಹವಾನಿಯಂತ್ರಣದ ಕೆಲಸದಲ್ಲಿ ಗಾಳಿಯ ಸ್ಥಿತಿಯನ್ನು ವಿಶ್ಲೇಷಿಸಲು ನಾನು ನಾಲ್ಕು ಸಾಧನಗಳನ್ನು ಬಳಸಿ ನೋಡಿದ್ದೇನೆ: ಅಂಗಡಿಯಲ್ಲಿ ಕೊಂಡ ಸಮುದ್ರಮಟ್ಟದ ಚಾರ್ಟ್, ಮೊಬೈಲ್ ಆ್ಯಪ್, ಎಕ್ಸೆಲ್ ಹಾಳೆ, ಮತ್ತು ಬೆಂಗಳೂರಿನ ವಾಯುಭಾರಕ್ಕೆ ಲೆಕ್ಕಹಾಕಿ ಎ3 ಹಾಳೆಯಲ್ಲಿ ಮುದ್ರಿಸಿಕೊಂಡ ನನ್ನದೇ ಚಾರ್ಟ್. ಕೊನೆಯದನ್ನು ಬಿಟ್ಟು ಬೇರೆ ಯಾವುದನ್ನೂ ನಾನು ಈಗ ಸೈಟಿಗೆ ಒಯ್ಯುವುದಿಲ್ಲ.

ಕೊಂಡ ಚಾರ್ಟಿನ ಮುದ್ರಣ ಬಹಳ ಸ್ಪಷ್ಟವಾಗಿತ್ತು. ಗೆರೆಗಳು ಒಂದರ ಮೇಲೊಂದು ಬೀಳುತ್ತಿರಲಿಲ್ಲ, ಲ್ಯಾಮಿನೇಶನ್ ಕೂಡ ಗಟ್ಟಿಯಾಗಿತ್ತು. ತೊಡಕು ಇದ್ದುದು ಒಂದೇ: ಅದನ್ನು 101.325 ಕಿಲೋಪಾಸ್ಕಲ್ ವಾಯುಭಾರಕ್ಕೆ ರಚಿಸಲಾಗಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ 91ರ ಆಸುಪಾಸು. 1911ರಲ್ಲಿ ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಮಂಡಿಸಿದ, ಗಾಳಿಯ ತೇವಾಂಶ ಲೆಕ್ಕಹಾಕುವ ಸೂತ್ರದಲ್ಲಿ ವಾಯುಭಾರಕ್ಕೆ ತನ್ನದೇ ಸ್ಥಾನವಿದೆ, ಆದರೆ ಚಾರ್ಟ್ ಮುದ್ರಿಸುವಾಗ ಅದನ್ನು ಒಂದೇ ಅಂಕಿಗೆ ಕಟ್ಟಿಹಾಕಬೇಕಾಗುತ್ತದೆ.

ಹತ್ತು ಪರ್ಸೆಂಟ್ ವ್ಯತ್ಯಾಸ ಮೀಟರಿನ ದೋಷದಲ್ಲೇ ಮುಚ್ಚಿಹೋಗುತ್ತದೆ ಎಂದು ಹೇಳುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ, ಏಕೆಂದರೆ ಆ ವ್ಯತ್ಯಾಸ ಎಲ್ಲ ಅಂಕಿಗಳ ಮೇಲೂ ಸಮನಾಗಿ ಬೀಳುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಹೊರಗಿನ ಗಾಳಿ ಡ್ರೈ ಬಲ್ಬಿನಲ್ಲಿ (ಸಾಮಾನ್ಯ ಥರ್ಮಾಮೀಟರಿನಲ್ಲಿ) 33 ಡಿಗ್ರಿ, ವೆಟ್ ಬಲ್ಬಿನಲ್ಲಿ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನಲ್ಲಿ) 20 ಡಿಗ್ರಿ ತೋರಿಸುತ್ತಿದೆ ಎಂದುಕೊಳ್ಳೋಣ. ಸಮುದ್ರಮಟ್ಟದ ಚಾರ್ಟಿನಲ್ಲಿ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 30 ಬರುತ್ತದೆ, ಬೆಂಗಳೂರಿನ ಚಾರ್ಟಿನಲ್ಲಿ ಶೇ. 31. ಇಷ್ಟನ್ನೇ ನೋಡಿದವರಿಗೆ ಎರಡೂ ಒಂದೇ ಎನಿಸುವುದು ಸಹಜ. ಆದರೆ ಪ್ರತಿ ಕಿಲೋ ಒಣಗಾಳಿಯಲ್ಲಿರುವ ನೀರಾವಿ ಮೊದಲನೆಯದರಲ್ಲಿ 9.3 ಗ್ರಾಂ, ಎರಡನೆಯದರಲ್ಲಿ 11 ಗ್ರಾಂ. ಎಂಥಾಲ್ಪಿ, ಅಂದರೆ ಅಷ್ಟು ಗಾಳಿಯಲ್ಲಿರುವ ಒಟ್ಟು ಶಾಖ, 57ರಿಂದ 61 ಕಿಲೋಜೂಲ್‌ಗೆ ಏರುತ್ತದೆ.

ಈಗ ಒಳಗಿನ ಕೋಣೆಯನ್ನು 24 ಡಿಗ್ರಿ, ಶೇ. 50 ಆರ್ದ್ರತೆಯಲ್ಲಿ ಇಡಬೇಕು ಎನ್ನಿ. ಸಮುದ್ರಮಟ್ಟದ ಚಾರ್ಟಿನಲ್ಲಿ ಕೋಣೆಯ ತೇವಾಂಶವೂ 9.3 ಗ್ರಾಂ ಆಗಿರುವುದರಿಂದ, ಫ್ರೆಶ್ ಏರ್ (ಒಳಗೆ ತರುವ ಹೊರಗಿನ ಗಾಳಿ) ಬಿಂದುವಿನಿಂದ ಕೋಣೆಯ ಬಿಂದುವಿಗೆ ಎಳೆದ ಗೆರೆ ನೇರ ಅಡ್ಡವಾಗಿ ಬರುತ್ತದೆ, ಅಂದರೆ ಹೊರಗಿನ ಗಾಳಿ ತೇವಾಂಶದ ಹೊರೆಯನ್ನೇ ತರುವುದಿಲ್ಲ ಎಂದು ಅದು ಹೇಳುತ್ತದೆ. ವಾಸ್ತವದಲ್ಲಿ ಕೋಣೆಯಲ್ಲಿ ಇರಬೇಕಾದದ್ದು 10.4, ಹೊರಗಿರುವುದು 11. ಪ್ರತಿ ಕಿಲೋ ಗಾಳಿಯಿಂದ 0.6 ಗ್ರಾಂ ನೀರನ್ನು ಕಾಯಿಲ್ (ಗಾಳಿಯನ್ನು ತಂಪಾಗಿಸುವ ಕೊಳವೆಗಳ ಸುರುಳಿ) ಹಿಂಡಿ ತೆಗೆಯಲೇಬೇಕು. ಇಲ್ಲದ ಹೊರೆ ಎಂದು ಚಾರ್ಟ್ ಹೇಳಿದ್ದನ್ನು ಯಂತ್ರ ದಿನವಿಡೀ ಹೊರುತ್ತಿರುತ್ತದೆ.

ಗಾಳಿಯ ತೂಕದ ವ್ಯತ್ಯಾಸ ಇದಕ್ಕೆ ವಿರುದ್ಧ ದಿಕ್ಕಿನದು. ಅದೇ ಕೋಣೆಯ ಸ್ಥಿತಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿರುವ ಒಣಗಾಳಿ ಸಮುದ್ರಮಟ್ಟದಲ್ಲಿ 1.17 ಕಿಲೋ, ಬೆಂಗಳೂರಿನಲ್ಲಿ 1.05 ಕಿಲೋ. ಫ್ಯಾನಿನ ಸಿಎಫ್‌ಎಂ (ನಿಮಿಷಕ್ಕೆ ಸಾಗಿಸುವ ಗಾಳಿ, ಘನ ಅಡಿಗಳಲ್ಲಿ) ಅಷ್ಟೇ ಇದ್ದರೂ ಅದು ಹೊತ್ತೊಯ್ಯುವ ಶಾಖ ಕಡಿಮೆ. ಈ ಎರಡು ದೋಷಗಳು ಒಂದನ್ನೊಂದು ಸರಿದೂಗಿಸುತ್ತವೆ ಎಂದು ನಂಬಿ ಕೂರುವುದು ಅಪಾಯ, ಏಕೆಂದರೆ ಒಂದು ತೇವಾಂಶದ ಲೆಕ್ಕವನ್ನು ಕೆಡಿಸಿದರೆ ಇನ್ನೊಂದು ಒಟ್ಟು ಗಾಳಿಯ ಲೆಕ್ಕವನ್ನು ಕೆಡಿಸುತ್ತದೆ.

ಆ್ಯಪ್ ವೇಗವಾಗಿದೆ, ಎತ್ತರವನ್ನು ನಮೂದಿಸಲು ಜಾಗವೂ ಇದೆ. ಆದರೆ ನಾನು ಬಳಸಿದ ಆ್ಯಪ್ ಪ್ರತಿ ಬಾರಿ ತೆರೆದಾಗಲೂ ಸಮುದ್ರಮಟ್ಟಕ್ಕೇ ಮರಳುತ್ತಿತ್ತು. ಎಕ್ಸೆಲ್ ಹಾಳೆಯ ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ಈ ಲೆಕ್ಕಗಳಿಗೆಂದೇ ಉಚಿತವಾಗಿ ಸಿಗುವ ಸೈಕ್ರೋಲಿಬ್ ಎಂಬ ಸಾಫ್ಟ್‌ವೇರ್ ಲೈಬ್ರರಿಯನ್ನು ಅದಕ್ಕೆ ಜೋಡಿಸಿದರೆ ವಾಯುಭಾರವನ್ನು ನಾವೇ ಕೊಡಬಹುದು.

ಎಕ್ಸೆಲ್‌ನಲ್ಲಿ ಕಾಣದಿರುವುದು ಗೆರೆ. ರಿಟರ್ನ್ ಗಾಳಿ (ಕೋಣೆಯಿಂದ ಯಂತ್ರಕ್ಕೆ ಮರಳುವ ಗಾಳಿ) ಮತ್ತು ಫ್ರೆಶ್ ಏರ್ ಬಿಂದುಗಳನ್ನು ಜೋಡಿಸಿದ ನೇರ ಗೆರೆಯ ಮೇಲೆ, ಎರಡರ ಪ್ರಮಾಣಕ್ಕೆ ತಕ್ಕ ಜಾಗದಲ್ಲಿ, ಮಿಶ್ರಗಾಳಿಯ ಬಿಂದು ಕೂರುತ್ತದೆ. ಅಲ್ಲಿಂದ ಕಾಯಿಲ್ ದಾಟಿದ ಗಾಳಿಯ ಬಿಂದುವಿಗೆ ಗೆರೆ ಎಳೆದು ಮುಂದುವರಿಸಿದರೆ ಶೇ. 100 ಆರ್ದ್ರತೆಯ ವಕ್ರರೇಖೆಯನ್ನು ಅದು ಮುಟ್ಟುವಲ್ಲಿ ಕಾಯಿಲಿನ ಪರಿಣಾಮಕಾರಿ ತಾಪಮಾನ ತಿಳಿಯುತ್ತದೆ. ಜನ ಕಿಕ್ಕಿರಿದ ಸಭಾಂಗಣಗಳಲ್ಲಿ ಕೋಣೆಯ ಹೊರೆಯ ಗೆರೆ (ಕೋಣೆಯ ಶಾಖ ಮತ್ತು ತೇವಾಂಶದ ಹೊರೆಗಳ ಅನುಪಾತ ತೋರಿಸುವುದು) ಎಷ್ಟು ಕಡಿದಾಗಿರಬಹುದೆಂದರೆ ಅದು ಆ ವಕ್ರರೇಖೆಯನ್ನು ಮುಟ್ಟುವುದೇ ಇಲ್ಲ. ಬರೀ ತಂಪು ಮಾಡಿದರೆ ಸಾಲದು, ರೀಹೀಟ್ (ತಂಪಾದ ಗಾಳಿಯನ್ನು ಮತ್ತೆ ಬಿಸಿ ಮಾಡುವುದು) ಅಥವಾ ಬೇರೆ ರೀತಿಯ ತೇವ ತೆಗೆಯುವ ವ್ಯವಸ್ಥೆ ಬೇಕು ಎಂದು ಕಟ್ಟಡದ ಮಾಲೀಕರಿಗೆ ಮನದಟ್ಟು ಮಾಡಿಸಲು ಪೆನ್ಸಿಲಿನ ಈ ಒಂದು ಗೆರೆಗಿಂತ ಉತ್ತಮ ಸಾಧನ ನನಗೆ ಸಿಕ್ಕಿಲ್ಲ.

ಹವಾನಿಯಂತ್ರಣ ಎಂಜಿನಿಯರುಗಳ ಸಂಸ್ಥೆ ಆಶ್ರೇ (ASHRAE) ಪ್ರಕಟಿಸಿದ 750 ಮೀಟರ್ ಎತ್ತರದ ಚಾರ್ಟ್ ಬೆಂಗಳೂರಿಗೆ ಹತ್ತಿರದ್ದು, ಆದರೆ ನಾನು ವಿಚಾರಿಸಿದ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಹೀಗಾಗಿ ಸೈಕ್ರೋಲಿಬ್‌ನಿಂದಲೇ 91 ಕಿಲೋಪಾಸ್ಕಲ್‌ಗೆ ರೇಖೆಗಳನ್ನು ಲೆಕ್ಕಹಾಕಿ ಮುದ್ರಿಸಿದೆ. ಜೆರಾಕ್ಸ್ ಅಂಗಡಿಯ ಮುದ್ರಣ ಮತ್ತು ಲ್ಯಾಮಿನೇಶನ್ ಬಿಟ್ಟರೆ ಬೇರೆ ಖರ್ಚಾಗಲಿಲ್ಲ.

ನನ್ನದು ಸಣ್ಣ ಕಟ್ಟಡಗಳ ಕೆಲಸ. ದುಬಾರಿ ಸಾಫ್ಟ್‌ವೇರಿಗೆ ವರ್ಷವರ್ಷವೂ ಹಣ ಕಟ್ಟುವಷ್ಟು ಅಲ್ಲಿ ಹುಟ್ಟುವುದಿಲ್ಲ, ಮಾಲೀಕರ ಎದುರು ಕುಳಿತು ವಿವರಿಸುವ ಅಭ್ಯಾಸವೂ ನನಗಿದೆ. ಮಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಅಂಗಡಿಯ ಚಾರ್ಟೇ ಸಾಕು. ವರ್ಷದ 8,760 ಗಂಟೆಗಳ ಹವಾಮಾನವನ್ನು ಒಂದೊಂದಾಗಿ ಲೆಕ್ಕಹಾಕಬೇಕಾದವರು ಮಾತ್ರ ಕಾಗದವನ್ನು ಬದಿಗಿಟ್ಟು ಎಕ್ಸೆಲ್ ಅಥವಾ ಸಾಫ್ಟ್‌ವೇರ್ ಹಿಡಿಯಲೇಬೇಕು, ಮತ್ತು ಅದರಲ್ಲಿ ವಾಯುಭಾರದ ಅಂಕಿಯನ್ನು ಮೊದಲು ಬದಲಿಸಿಕೊಳ್ಳಬೇಕು.