ಮೈಲ್ಡ್, ಸ್ಟ್ರಾಂಗ್, ಝೀರೋ: ಆರೋಗ್ಯದ ಲೆಕ್ಕದಲ್ಲಿ ಯಾವ ಬಿಯರ್?

ಬಾಟಲಿ ಒಂದೇ ಅಳತೆಯದ್ದು, ಒಳಗಿನ ಲೆಕ್ಕ ಬೇರೆ. 650 ಮಿಲಿ ಮೈಲ್ಡ್ ಬಿಯರಿನಲ್ಲಿ ಶೇ 5ರಷ್ಟು ಆಲ್ಕೊಹಾಲ್ ಇದ್ದರೆ ಒಟ್ಟು ಸುಮಾರು 26 ಗ್ರಾಂ. ಶೇ 8ರ ಸ್ಟ್ರಾಂಗ್‌ನಲ್ಲಿ 41 ಗ್ರಾಂ. ಅಮೆರಿಕದ ಅಳತೆಯಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ. ಅಂದರೆ 'ಒಂದೇ ಬಾಟಲಿ' ಸ್ಟ್ರಾಂಗ್ ಮುಗಿಸಿದವರದ್ದು ಹತ್ತಿರ ಹತ್ತಿರ ಮೂರು ಡ್ರಿಂಕ್. ಮಿತ ಎಂಬ ಮಾತು ಅಲ್ಲಿಗೇ ಮುಗಿಯಿತು.

ಬಿಯರಿನ ಗುಣಗಳೆಂದು ಹೇಳುವ ಸಿಲಿಕಾನ್, ಪಾಲಿಫೀನಾಲ್ (ಸಸ್ಯಗಳಲ್ಲಿರುವ ಆ್ಯಂಟಿಆಕ್ಸಿಡೆಂಟ್), ಒಂದಿಷ್ಟು ಬಿ ವಿಟಮಿನ್ ಬರುವುದು ಬಾರ್ಲಿ, ಹಾಪ್ಸ್ (ಕಹಿ ಕೊಡುವ ಹೂವು), ಯೀಸ್ಟ್‌ನಿಂದ, ಆಲ್ಕೊಹಾಲ್‌ನಿಂದಲ್ಲ. ಆಲ್ಕೊಹಾಲ್ ಎಚ್‌ಡಿಎಲ್ ಎಂಬ 'ಒಳ್ಳೆಯ' ಕೊಲೆಸ್ಟ್ರಾಲ್ ಏರಿಸುವುದು ನಿಜ, ಆದರೆ ಅದರಿಂದಲೇ ಹೃದಯ ಉಳಿಯುತ್ತದೆ ಎನ್ನಲಾಗದು. ಹಳೆಯ ಅಧ್ಯಯನಗಳಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರನ್ನೂ 'ಕುಡಿಯದವರು' ಎಂದೇ ಎಣಿಸಿದ್ದುಂಟು. ಹಾಗಾಗಿ ಮಿತವಾಗಿ ಕುಡಿಯುವವರು ಇದ್ದದ್ದಕ್ಕಿಂತ ಗಟ್ಟಿಮುಟ್ಟಾಗಿ ಕಂಡರು. ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು; ಕ್ಯಾನ್ಸರ್ ಅಪಾಯ ಸಣ್ಣ ಪ್ರಮಾಣದಲ್ಲೇ ಶುರು.

ಗುಣಕ್ಕಾಗಿಯೇ ಕುಡಿಯುವುದಾದರೆ ಆಲ್ಕೊಹಾಲ್ ಇಲ್ಲವೆನ್ನುವ ಝೀರೋ ಬಿಯರ್ ಮುಂದು. ಆದರೆ ಲೇಬಲ್ ಓದಿ: ಕೆಲವದರಲ್ಲಿ ಸಕ್ಕರೆ ಹೆಚ್ಚು, 'ನಾನ್-ಆಲ್ಕೊಹಾಲಿಕ್' ಎಂದಿದ್ದರೂ ಕೆಲವದರಲ್ಲಿ ಶೇ 0.5ರವರೆಗೆ ಆಲ್ಕೊಹಾಲ್ ಇರಬಹುದು. ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ಇದ್ದವರಿಗೆ ಇದೂ ಪೂರ್ತಿ ಕ್ಷೇಮವಲ್ಲ, ಆ ಆಮ್ಲ ಹೆಚ್ಚಿಸುವ ಪ್ಯೂರಿನ್ ಉಳಿದಿರುತ್ತದೆ.

ರುಚಿಗೇ ಬೇಕೆಂದರೆ ಮೈಲ್ಡ್, 330 ಮಿಲಿ, ಊಟದ ಜೊತೆ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಅಂಶ ದಿಢೀರನೆ ಕುಸಿಯಬಹುದು. ಗರ್ಭಿಣಿಯರಿಗೆ, ಲಿವರ್ ತೊಂದರೆ ಇದ್ದವರಿಗೆ ಮೈಲ್ಡೂ ಬೇಡ. ಈವರೆಗೆ ಕುಡಿಯದವರು ಆರೋಗ್ಯದ ನೆಪದಲ್ಲಿ ಶುರುಮಾಡಲೇಬೇಡಿ; ಬಿಯರಿನ ಬಿ ವಿಟಮಿನ್‌ಗಳಲ್ಲಿ ಒಂದಾದ ಫೋಲೇಟ್ ಬೇಕಿದ್ದರೆ ಹೆಸರುಕಾಳಿನ ಉಸಲಿ ಸಾಕು.