ರ‍್ಯಾಮ್ ಮೊದಲಾ, ಎಸ್‌ಎಸ್‌ಡಿ ಮೊದಲಾ? ಹಳೆ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ನೋಡಿದ್ದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನಮ್ಮನೆಯ ಡೆಸ್ಕ್‌ಟಾಪಿನಲ್ಲಿರುವುದು ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್. ವಿಂಡೋಸ್ 11ರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಗುಜರಿಗೆ ಹಾಕಲು ಮನಸ್ಸಾಗದೆ, ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಹಾಕಿದೆ. ಹಾಕಿದ್ದೇನೋ ಆಯಿತು, ಆದರೆ ಬಟನ್ ಒತ್ತಿ ಫೈರ್‌ಫಾಕ್ಸ್ ತೆರೆಯುವಷ್ಟರಲ್ಲಿ ಚಹಾ ಕುಡಿದು ಕಪ್ಪು ತೊಳೆದಿಡಬಹುದಿತ್ತು. ಇದ್ದದ್ದು 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ದುಡ್ಡು ಯಾವುದಕ್ಕೆ ಹಾಕುವುದು, ಇನ್ನಷ್ಟು ರ‍್ಯಾಮಿಗಾ, ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿಗಾ (ಚಿಪ್ಪುಗಳಲ್ಲೇ ಫೈಲುಗಳನ್ನಿಡುವ ಡ್ರೈವ್)?

ರಾಯಚೂರಿನ ತೀನ್ ಕಂದೀಲ್ ಕಡೆಯ ರಿಪೇರಿ ಅಂಗಡಿಯವರು ಯೋಚಿಸಲೇ ಇಲ್ಲ: "ರ‍್ಯಾಮ್ ಹಾಕಸ್ರಿ ಸರ, ಡಿಸ್ಕ್ ಚಲೋನೇ ಅದ." ಸರಿ ಎಂದು ಇನ್ನೊಂದು 4 ಜಿಬಿ ಹಾಕಿಸಿ ಒಂದು ತಿಂಗಳು ಬಳಸಿದೆ. ಮೊಬೈಲಿನಲ್ಲಿ ಸಮಯ ಹಿಡಿದು ನೋಡಿದರೆ, ಮೊದಲು ಎರಡು ನಿಮಿಷ ಹಿಡಿಯುತ್ತಿದ್ದದ್ದು ಈಗ ಒಂದು ನಿಮಿಷ ಐವತ್ತು ಸೆಕೆಂಡು. ಅಷ್ಟೇ ಲಾಭ.

ಆ ರ‍್ಯಾಮನ್ನು ಕಿತ್ತು ತಮ್ಮನ ಕಂಪ್ಯೂಟರಿಗೆ ಕೊಟ್ಟು, ನನ್ನದಕ್ಕೆ 240 ಜಿಬಿಯ ಸಾಟಾ (ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಜೋಡಿಸುವ ಬಗೆಯ) ಎಸ್‌ಎಸ್‌ಡಿ ತಂದೆ. ಮತ್ತೆ ಅದೇ 4 ಜಿಬಿ. ಇಪ್ಪತ್ತೈದು ಸೆಕೆಂಡಿಗೆ ಫೈರ್‌ಫಾಕ್ಸ್ ಎದುರಿಗಿತ್ತು! ಕಾರಣ ಸರಳ. ಮಿಂಟ್ ಎದ್ದು ಕೂರಲು ಸುಮಾರು 1 ಜಿಬಿ ರ‍್ಯಾಮ್ ಸಾಕು, ಉಳಿದದ್ದು ಆಗಿನ್ನೂ ಖಾಲಿಯೇ. ತಡವಾಗುವುದು ಹಾರ್ಡ್ ಡಿಸ್ಕಿನ ಹೆಡ್ಡು ಸಾವಿರಾರು ಸಣ್ಣ ಫೈಲುಗಳಿಗಾಗಿ ಅತ್ತಿಂದಿತ್ತ ಓಡಾಡುವಾಗ. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ.

ಹಾಗಂತ ರ‍್ಯಾಮ್ ದಂಡ ಅಂತಲ್ಲ. ಮಗಳು ಹದಿನೈದು ಟ್ಯಾಬು ತೆರೆದು, ಜೊತೆಗೆ ಯೂಟ್ಯೂಬೂ ಲಿಬ್ರೆ ಆಫೀಸೂ ಇಟ್ಟುಕೊಂಡರೆ 4 ಜಿಬಿ ತಡವರಿಸುತ್ತದೆ. ಆರು ತಿಂಗಳಾದ ಮೇಲೆ ಮತ್ತೆ 4 ಜಿಬಿ ಕೊಂಡೆ. ಒಂದೇ ಸಾಮಾನಿಗೆ ಎರಡು ಸಲ ದುಡ್ಡು ಕೊಟ್ಟದ್ದಕ್ಕೆ ಮನೆಯಲ್ಲಿ ಕೇಳಿಸಿಕೊಂಡದ್ದು ಬೇರೆ ಮಾತು. ನೀವು ಲ್ಯಾಪ್‌ಟಾಪಿಗೆ ಕೊಳ್ಳುವುದಾದರೆ ಹಳೆ ರ‍್ಯಾಮಿನ ಚೀಟಿ ನೋಡಿ. ಪಿಸಿ3ಎಲ್ ಅಂತಿದ್ದರೆ ಅದು 1.35 ವೋಲ್ಟಿನದು, ಅದನ್ನೇ ಕೇಳಿ ತನ್ನಿ.

ನನ್ನ ತಲೆ ಹೆಚ್ಚು ತಿಂದದ್ದು ವೈಫೈ. ಮೊದಲು ತಂದ ಡಾಂಗಲ್ಲಿನ (ಯುಎಸ್‌ಬಿಗೆ ಚುಚ್ಚುವ ವೈಫೈ ಕಡ್ಡಿ) ಡಬ್ಬದ ಮೇಲೆ ಲಿನಕ್ಸ್ ಅಂತ ಅಚ್ಚು ಹಾಕಿದ್ದರು. ಒಳಗಿದ್ದ ಚಿಪ್ಪಿಗೆ ಲಿನಕ್ಸಿನ ತಿರುಳಾದ ಕರ್ನೆಲ್ಲಿನಲ್ಲಿ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಇರಲಿಲ್ಲ. ಡ್ರೈವರಿನ ಸೋರ್ಸ್ ಕೋಡ್ ಇಳಿಸಿ, ಟರ್ಮಿನಲ್ಲಿನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಕಂಪೈಲ್ ಮಾಡಿ ಹೇಗೋ ಎಬ್ಬಿಸಿದೆ. ಕರ್ನೆಲ್ ಅಪ್‌ಡೇಟ್ ಆದ ದಿನ ಮತ್ತೆ ಮಲಗಿತು. ಎರಡನೆಯದು ಮೀಡಿಯಾಟೆಕ್ ಎಂಟಿ7612ಯು ಚಿಪ್ಪಿನದು. ಇದರ ಡ್ರೈವರ್ 4.19ನೇ ಆವೃತ್ತಿಯಿಂದಲೂ ಕರ್ನೆಲ್ಲಿನೊಳಗೇ ಇದೆ. ಚುಚ್ಚಿದೆ, ಪಾಸ್‌ವರ್ಡ್ ಕೇಳಿತು, ಮುಗೀತು. ಡಾಂಗಲ್ ಕೊಳ್ಳುವಾಗ ಕಂಪನಿ ಹೆಸರಿಗಿಂತ ಚಿಪ್ಪಿನ ಹೆಸರು ಮುಖ್ಯ.

ಈ ಎರಡು ಡಾಂಗಲ್ಲುಗಳಿಗೂ ಮೊದಲು ಮೂರನೆಯ ದಾರಿ ನೋಡಬೇಕಿತ್ತು, ಅದೂ ಪುಕ್ಕಟೆ: ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚುವ ಸೌಲಭ್ಯ) ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿ ನೆಟ್‌ವರ್ಕ್ ಅಂತಲೇ ಎಣಿಸುತ್ತದೆ.

ಗ್ರಾಫಿಕ್ಸಿಗೆ ಇಂಟೆಲ್‌ನ ಒಳಗಿರುವುದೇ ಸಾಕಾಯಿತು. ಗೆಳೆಯನೊಬ್ಬ ಹಳೆ ಎನ್‌ವಿಡಿಯಾ ಕಾರ್ಡ್ ಕೊಡ್ತೀನಿ ಅಂದ, ಬೇಡ ಅಂದೆ. ಅದಕ್ಕೆ ಬೇರೆ ಡ್ರೈವರ್ರು, ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶ ಏಳದಂತೆ ತಡೆಯುವ ಸೆಟ್ಟಿಂಗ್) ಇದ್ದರೆ ಕೀ ದಾಖಲಿಸುವ ನೀಲಿ ಪರದೆ. ಹೊಸಬರಿಗೆ ಯಾಕೆ ಬೇಕು?

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡುತ್ತಿರುವವರು ಮಿಂಟ್ ಬರೆದ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಏನನ್ನೂ ಅಳಿಸದೆ ಅದರಿಂದಲೇ ಬೂಟ್ ಆಗುತ್ತದೆ. ವೈಫೈ ಹಿಡಿಯಿತಾ, ಸದ್ದು ಬಂತಾ, ಪರದೆಯ ಬೆಳಕು ಕಡಿಮೆಯಾಗುತ್ತಾ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಾಗುತ್ತಾ, ಇಷ್ಟು ನೋಡಲು ಹತ್ತು ನಿಮಿಷ. ಅಂಗಡಿಯವರು ಬೇಡ ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ.