ಹಳೆ ಟ್ರಾವೆಲರ್‌ನ ಹಿಂಬದಿಗೆ ಯಾವುದು ಒಳ್ಳೆಯದು: ಪ್ಲೇಟಾ, ಶಾಕಾ, ಏರ್ ಬೆಲ್ಲೋನಾ?

ನಮ್ಮದು ಹಳೆ ಟೆಂಪೋ ಟ್ರಾವೆಲರ್. ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಆಗುವ ಮೊದಲಿನ, ಬಜಾಜ್ ಟೆಂಪೋ ಕಾಲದ್ದು. ಸೀಟು ತೆಗೆದು ಮಂಚ, ಅಡುಗೆ ಕಟ್ಟೆ, 100 ಲೀಟರಿನ ನೀರಿನ ಟ್ಯಾಂಕ್ ಕೂರಿಸಿದ್ದೇವೆ. ತುಂಬಿಸಿದರೆ ನೀರೇ 100 ಕಿಲೋ, ಅದೂ ಹಿಂದಿನ ಆಕ್ಸಲ್‌ನಿಂದ ಆಚೆಗೆ. ಹಿಂಬದಿ ಜಗ್ಗಿ ಬಂಪ್ ಸ್ಟಾಪ್‌ಗೆ (ತೀರಾ ಕೆಳಗಿಳಿಯದಂತೆ ತಡೆಯುವ ರಬ್ಬರ್) ಬಡಿಯುತ್ತಿತ್ತು. ನಮ್ಮ ಕಾಸರಗೋಡು ಕಡೆಯ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ತಿರುವು ತಿರುವಿಗೂ ಪಾತ್ರೆಗಳ ಮೇಳ.

ಬದಿಯಡ್ಕದ ಮೆಕ್ಯಾನಿಕ್ ಒಬ್ಬರು, "ಒಂದು ಪ್ಲೇಟ್ ಜಾಸ್ತಿ ಹಾಕುವ ಅಣ್ಣಾ, ಮತ್ತೆ ಜಗ್ಗುದಿಲ್ಲ" ಅಂದರು. ಪ್ಲೇಟ್ ಅಂದರೆ ಹಿಂದಿನ ಸ್ಪ್ರಿಂಗಿನಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ. ನಿಜ, ಜಗ್ಗಲಿಲ್ಲ. ಖರ್ಚೂ ಕಡಿಮೆ. ಆದರೆ ಪ್ಲೇಟಿಗೆ ಟ್ಯಾಂಕ್ ತುಂಬಿದೆಯೋ ಖಾಲಿಯೋ ಎಂಬುದು ಗೊತ್ತಿಲ್ಲ, ಯಾವಾಗಲೂ ಒಂದೇ ಗಟ್ಟಿ. ಖಾಲಿ ಟ್ಯಾಂಕಿನಲ್ಲಿ ಹಂಪ್ ದಾಟಿದರೆ ಹಿಂದೆ ಕೂತ ಅಮ್ಮನಿಗೆ ಸೊಂಟ ನೋವು. ಸದಾ ಲೋಡ್ ಹೊರುವ ಗಾಡಿಗೆ ಇದು ಸರಿ, ಮಲಗಿ ಏಳುವ ಗಾಡಿಗೆ ಅಲ್ಲ. ಹಾಕಿಸುವುದಾದರೆ ಪ್ಲೇಟುಗಳನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹೊಸದೇ ಇರಲಿ. ಸ್ವಲ್ಪ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಸಲೇಬೇಕು.

ಹಳೆ ಪ್ಲೇಟನ್ನೇ ಕಾಯಿಸಿ ಬಗ್ಗಿಸಿ ಕೊಡುವವರೂ ಇದ್ದಾರೆ. ಬೆಂಕಿಗೆ ಹಿಡಿದರೆ ಉಕ್ಕಿನ ಹದ ಹೋಗುತ್ತದೆ, ಮತ್ತೆ ಜಗ್ಗುತ್ತದೆ. ಬೇಡ.

ಶಾಕ್ (ಶಾಕ್ ಅಬ್ಸಾರ್ಬರ್) ಬದಲಿಸಿದಾಗ ಎತ್ತರ ಒಂದಿಷ್ಟೂ ಏರಲಿಲ್ಲ. ಏರಬೇಕಾದ್ದೂ ಇಲ್ಲ ಬಿಡಿ. ಭಾರ ಹೊರುವುದು ಸ್ಪ್ರಿಂಗ್, ಕುಣಿತ ನಿಲ್ಲಿಸುವುದು ಶಾಕ್. ಬಿಚ್ಚಿದ ಹಳೆ ಶಾಕ್ ಎಣ್ಣೆಯಲ್ಲಿ ತೊಯ್ದಿತ್ತು. ಕೈಯಲ್ಲಿ ಒತ್ತಿದರೆ ಸೈಕಲ್ ಪಂಪಿನ ಹಾಗೆ ಸಲೀಸಾಗಿ ಒಳಗೆ ಹೋಯಿತು. ಅದೇ ಹೊತ್ತಿಗೆ ಶಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಬುಶ್‌ಗಳನ್ನೂ ತೆಗೆದು ನೋಡಿದೆವು. ಉರುಟು ಇರಬೇಕಾದ ತೂತು ಮೊಟ್ಟೆಯಾಕಾರಕ್ಕೆ ಸವೆದು, ಸುತ್ತ ಕೆಂಪು ತುಕ್ಕಿನ ಪುಡಿ. ಕಡಲ ಗಾಳಿಯ ಊರಲ್ವಾ. ಬುಶ್ ಹೊಸದಾದ ಮೇಲೆ ಹಿಂದಿನಿಂದ ಬರುತ್ತಿದ್ದ ಕಟಕಟ ಶಬ್ದವೇ ಇಲ್ಲ. ಕೊಟ್ಟ ದುಡ್ಡಿಗೆ ಇಷ್ಟು ಫಲ ಬೇರೆ ಯಾವುದರಿಂದಲೂ ಸಿಗಲಿಲ್ಲ.

ಕೊನೆಗೆ ಜಾಸ್ತಿ ಪ್ಲೇಟ್ ತೆಗೆಸಿ, ಚಾಸಿಗೂ ಆಕ್ಸಲ್‌ಗೂ ನಡುವೆ ಏರ್ ಬೆಲ್ಲೋ, ಅಂದರೆ ಗಾಳಿ ತುಂಬುವ ರಬ್ಬರ್ ಚೀಲ, ಕೂರಿಸಿದ್ದು. ಎಲ್ಲಕ್ಕಿಂತ ದುಬಾರಿ ಇದೇ, ನನಗೆ ಹಿಡಿಸಿದ್ದೂ ಇದೇ. ಟ್ಯಾಂಕ್ ತುಂಬಿಸಿದರೆ ಗಾಳಿ ಜಾಸ್ತಿ, ಖಾಲಿಯಾದರೆ ಕಡಿಮೆ. ಆದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಪೈಪ್ ಹಾಕಿಸಿ. ಟಿ ಜಾಯಿಂಟ್ ಕೊಟ್ಟು ಒಂದೇ ವಾಲ್ವ್ ಇಟ್ಟರೆ, ಪಾಣತ್ತೂರಿನಿಂದ ಭಾಗಮಂಡಲಕ್ಕೆ ಹತ್ತುವಂಥ ತಿರುವುಗಳಲ್ಲಿ ಭಾರ ಬಿದ್ದ ಕಡೆಯ ಗಾಳಿ ಆಚೆ ಬದಿಗೆ ನುಗ್ಗುತ್ತದೆ, ಗಾಡಿ ಇನ್ನೂ ವಾಲುತ್ತದೆ. ಬೇರೆ ಪೈಪ್ ಇದ್ದರೆ ಟ್ಯಾಂಕ್ ಇರುವ ಬದಿಗೆ ತುಸು ಹೆಚ್ಚು ಗಾಳಿ ಕೊಟ್ಟು ಮಟ್ಟ ಮಾಡಲೂಬಹುದು. ಪೂರ್ತಿ ಗಾಳಿ ಬಿಟ್ಟು ಓಡಿಸಬೇಡಿ, ರಬ್ಬರ್ ಮಡಿಕೆಯಲ್ಲಿ ಸಿಕ್ಕಿ ಹರಿಯುತ್ತದೆ. ಸೈಲೆನ್ಸರ್ ಪೈಪಿನಿಂದ ದೂರವಿರಲಿ. ಬೆಲ್ಲೋ ಕೂರುವ ಜಾಗದಲ್ಲಿ ಚಾಸಿಗೆ ಹೊಸದಾಗಿ ಭಾರ ಬೀಳುತ್ತದೆ, ಅಲ್ಲಿ ತುಕ್ಕು ಹಿಡಿದಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಬೆಲ್ಲೋ ಹಾಕಿದರೂ ಹೈವೇಯಲ್ಲಿ ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಗಾಡಿ ಸ್ವಲ್ಪ ತೂಗುತ್ತದೆ. ಅದಕ್ಕೆ ಆಂಟಿ ರೋಲ್ ಬಾರ್ (ಪಕ್ಕಕ್ಕೆ ವಾಲುವುದನ್ನು ತಡೆಯುವ ಉಕ್ಕಿನ ಸರಳು) ಬೇಕು. ಅದನ್ನು ಇನ್ನೂ ಹಾಕಿಸಿಲ್ಲ.